30 ಯೂರೋ ಕೊನ್ಯಾಕ್: ಮಾರ್ಟೆಲ್ ವಿಎಸ್ ಜೊತೆ ಎರಡು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಮಾರ್ಟೆಲ್ ವಿಎಸ್ ಅನ್ನುವ ಈ ಕೊನ್ಯಾಕ್ (ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ) ಬಾಟಲಿ ನನಗೆ ಇಷ್ಟವಾಯಿತು. ಒಂದು ಖಾಲಿಯಾಗುವ ಮುಂಚೆಯೇ ಇನ್ನೊಂದು ತಂದಿಟ್ಟಿದ್ದೇನೆ. ಹಾಗಂತ ಇದು ಜಗತ್ತಿನ ಅದ್ಭುತ ಏನೂ ಅಲ್ಲ, ಕೊರತೆಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಕೊನ್ಯಾಕ್ ಅಂದ ತಕ್ಷಣ ಅದು ದುಡ್ಡಿದ್ದವರ ಪಾನೀಯ, ನಮಗಲ್ಲ ಅಂತ ದೂರ ಇರುವವರು ನನ್ನ ಸುತ್ತ ತುಂಬ ಜನ ಇದ್ದಾರೆ. ನಾನೂ ಹಾಗೇ ಇದ್ದೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ದಕ್ಷಿಣ ಫ್ರಾನ್ಸಿನ ಟುಲೂಸ್‌ನಲ್ಲಿ. ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆ. ಬ್ರಾಂದಿ ಅಂದರೆ ನನಗೆ ಚಿಕ್ಕಂದಿನಿಂದ ಔಷಧಿ ವಾಸನೆಯೇ ನೆನಪು. ಮಳೆಗಾಲದಲ್ಲಿ ಅಜ್ಜಿಯ ಗೋಡೆ ಬೀರುವಿನಲ್ಲಿ ಒಂದು ಕ್ವಾರ್ಟರ್ ಬಾಟಲಿ ಇರುತ್ತಿತ್ತು. ಯಾರಿಗಾದರೂ ಶೀತ ಆದರೆ ಬಿಸಿನೀರಿಗೆ ಒಂದು ಚಮಚ. ಬಾಣಂತಿಯರಿಗೂ ಕೊಡುತ್ತಿದ್ದರು. ಇಲ್ಲಿ ಒಂದು ಮಾತು ಹೇಳಲೇಬೇಕು, ಶೀತಕ್ಕೆ ಬ್ರಾಂದಿ ಮದ್ದಲ್ಲ. ಕುಡಿದಾಗ ಚರ್ಮದ ಕೆಳಗಿನ ರಕ್ತನಾಳ ಹಿಗ್ಗುತ್ತವೆ, ಅದಕ್ಕೇ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ನಿಜಕ್ಕೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಮಕ್ಕಳಿಗಂತೂ ಒಂದು ಹನಿಯೂ ಬೇಡ, ದಯವಿಟ್ಟು.

ಕಾಲೇಜಿನ ದಿನಗಳಲ್ಲಿ ಬೆಂಗಳೂರಿನಲ್ಲಿ ಗೆಳೆಯರ ಜೊತೆ ಕುಡಿದ ಬ್ರಾಂದಿಯೂ ಅದೇ ವಾಸನೆ, ಅದೇ ಘಾಟು. ಮೂಗು ಮುಚ್ಚಿಕೊಂಡು ನುಂಗುವುದು, ಮೇಲಿಂದ ಉಪ್ಪಿನಕಾಯಿ ನೆಕ್ಕುವುದು. ಅದು ಯಾಕೆ ಹಾಗಿತ್ತು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಮ್ಮಲ್ಲಿ ಮಾರುವ ಅಗ್ಗದ ಬ್ರಾಂದಿಯಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಸ್ಪಿರಿಟ್ ಇರುತ್ತದೆ, ಅದಕ್ಕೆ ಬಣ್ಣ, ಪರಿಮಳ ಸೇರಿಸಿರುತ್ತಾರೆ. ದ್ರಾಕ್ಷಿ ಇದ್ದರೂ ಸ್ವಲ್ಪವೇ. ಅಂದರೆ ನಾನು ಹತ್ತಾರು ವರ್ಷ ಬ್ರಾಂದಿ ಅಂದುಕೊಂಡು ಕುಡಿದದ್ದರಲ್ಲಿ ದ್ರಾಕ್ಷಿಯ ರುಚಿಯೇ ನನಗೆ ಸಿಕ್ಕಿರಲಿಲ್ಲ. ಹಾಗಾಗಿ ಈಗ ಯಾವುದೇ ಕೊನ್ಯಾಕ್ ಬಾಯಿಗಿಟ್ಟರೂ ನಾನು ಮೊದಲು ಹುಡುಕುವುದು ಒಂದನ್ನೇ. ಹಣ್ಣು ಎಲ್ಲಿದೆ? ಮರದ ವಾಸನೆ, ವೆನಿಲಾ, ಕಂದು ಬಣ್ಣ, ಸಿಹಿ ಇವೆಲ್ಲ ಇರಲಿ, ಅವುಗಳ ಕೆಳಗೆ ದ್ರಾಕ್ಷಿ ಇನ್ನೂ ಉಸಿರಾಡುತ್ತಿದೆಯಾ? ಕಡಿಮೆ ಬೆಲೆಯ ಬಾಟಲಿಯನ್ನು ನಾನು ಅಳೆಯುವುದು ಇದೊಂದರಿಂದಲೇ.

ಮಾರ್ಟೆಲ್ ವಿಎಸ್ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಚೆನ್ನಾಗಿಯೇ ಪಾಸಾಗುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕೊನ್ಯಾಕ್ ಅನ್ನುವುದು ಊರಿನ ಹೆಸರು. ಬೋರ್ಡೋದಿಂದ ಉತ್ತರಕ್ಕೆ, ಶಾರಾಂತ್ ನದಿಯ ದಂಡೆಯಲ್ಲಿದೆ. ಆ ಊರಿನ ಸುತ್ತಲಿನ ಗೊತ್ತುಪಡಿಸಿದ ಪ್ರದೇಶದಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲೇ ಭಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯಿಯಲ್ಲಿಟ್ಟದ್ದಕ್ಕೆ ಮಾತ್ರ ಆ ಹೆಸರು. ಆ ಗಡಿಯನ್ನು 1909ರಲ್ಲೇ ಕಾನೂನು ಮಾಡಿ ಗುರುತಿಸಿದರು. ನಮ್ಮ ಮೈಸೂರು ಮಲ್ಲಿಗೆಗೆ, ಧಾರವಾಡ ಪೇಡೆಗೆ ಜಿಐ ಟ್ಯಾಗ್ ಇದೆಯಲ್ಲ, ಅದೇ ತರಹದ್ದು, ಆದರೆ ಇನ್ನೂ ಬಿಗಿ. ಯಾವ ದ್ರಾಕ್ಷಿ, ಎಂಥ ಭಟ್ಟಿ, ಎಷ್ಟು ದಿನದೊಳಗೆ ಇಳಿಸಬೇಕು ಎಲ್ಲಕ್ಕೂ ನಿಯಮ. ಕೊಯ್ಲಾದ ಮುಂದಿನ ಮಾರ್ಚ್ 31ರೊಳಗೆ ಭಟ್ಟಿ ಇಳಿಸುವ ಕೆಲಸ ಮುಗಿದಿರಬೇಕು.

ದ್ರಾಕ್ಷಿ ಹೆಚ್ಚುಕಡಿಮೆ ಎಲ್ಲಾ ಒಂದೇ ಜಾತಿ, ಉನಿ ಬ್ಲಾಂ. ತಿನ್ನಲು ರುಚಿ ಇಲ್ಲ, ಹುಳಿ ಜಾಸ್ತಿ. ಅದರ ವೈನ್ ಕೂಡ ಹುಳಿಹುಳಿ, ನೀರುನೀರು, ಶೇ 9ರ ಆಸುಪಾಸು ಆಲ್ಕೋಹಾಲ್ ಅಷ್ಟೆ. ಹಾಗೇ ಕುಡಿಯಲು ಯಾರಿಗೂ ಬೇಡ. ಆದರೆ ಭಟ್ಟಿಗೆ ಅದೇ ಬೇಕು. ಆ ಹುಳಿಯೇ ವೈನನ್ನು ಚಳಿಗಾಲದುದ್ದಕ್ಕೂ ಕೆಡದ ಹಾಗೆ ಕಾಯುತ್ತದೆ, ಮತ್ತೆ ಆಲ್ಕೋಹಾಲ್ ಕಡಿಮೆ ಇರುವುದರಿಂದ ತುಂಬ ವೈನ್ ಭಟ್ಟಿಗೆ ಹಾಕಿ ಸ್ವಲ್ಪ ತೆಗೆಯಬೇಕು, ಹಣ್ಣಿನ ಪರಿಮಳ ಒತ್ತೊತ್ತಾಗಿ ಕೂಡುತ್ತದೆ. ಸುಮಾರು 9 ಲೀಟರ್ ವೈನಿಗೆ 1 ಲೀಟರ್ ಸಿಗುತ್ತದೆ ಅಂತ ಲೆಕ್ಕ. ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸುತ್ತಾರೆ. ಎರಡನೇ ಸಲ ಬರುವುದು ನೀರಿನ ಹಾಗೆ ಬಣ್ಣವಿಲ್ಲದ್ದು, ಶೇ 70 ದಾಟಿದ ಕಡಕ್ ಸರಕು. ಬಣ್ಣ ಬರುವುದು ಪೀಪಾಯಿಗೆ ಹೋದ ಮೇಲೆ.

ವಿಎಸ್ ಅನ್ನುವುದು ವಯಸ್ಸಿನ ದರ್ಜೆ, ಅಂದರೆ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ. ವಿಎಸ್‌ಒಪಿ 4 ವರ್ಷ. ಎಕ್ಸ್‌ಒ ಮೊದಲು 6 ಇತ್ತು, 2018ರಿಂದ 10 ವರ್ಷ. ಹಾಗಾಗಿ ವಿಎಸ್ ಎಲ್ಲಕ್ಕಿಂತ ಎಳೆಯದು. ಎಳೆಯದು ಅಂದರೆ ಕೀಳು ಅಂತ ಅಂದುಕೊಳ್ಳಬೇಡಿ. ಎಳನೀರನ್ನು ಕೊಬ್ಬರಿ ಜೊತೆ ಹೋಲಿಸಿ ಬೈದರೆ ಅರ್ಥ ಇಲ್ಲ ಅಲ್ವಾ? ಎಕ್ಸ್‌ಒದಲ್ಲಿ ಸಿಗುವ ಒಣಹಣ್ಣು, ಹಳೇ ಮರ, ಅಕ್ರೋಟಿನ ಗಾಢ ರುಚಿ ವಿಎಸ್‌ನಲ್ಲಿ ಹುಡುಕಿದರೆ ಬೇಜಾರಾಗುವುದು ಖಂಡಿತ. ಇಲ್ಲಿ ಬೇಕಾದದ್ದು ತಾಜಾತನ.

ಮಾರ್ಟೆಲ್ ದೊಡ್ಡ ಕೊನ್ಯಾಕ್ ಮನೆಗಳಲ್ಲಿ ಎಲ್ಲಕ್ಕಿಂತ ಹಳೆಯದು. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಿಂದ ಬಂದ ಜ್ಯಾನ್ ಮಾರ್ಟೆಲ್ 1715ರಲ್ಲಿ ಶುರು ಮಾಡಿದ್ದು. ಈಗ ಪರ್ನೋ ರಿಕಾರ್ ಅನ್ನುವ ಫ್ರೆಂಚ್ ಮದ್ಯ ಕಂಪನಿಯ ಕೈಯಲ್ಲಿದೆ. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ, ನಮ್ಮ ರಾಯಲ್ ಸ್ಟ್ಯಾಗ್, ಬ್ಲೆಂಡರ್ಸ್ ಪ್ರೈಡ್ ವಿಸ್ಕಿ ಕೂಡ ಅವರದ್ದೇ. ಸೀಗ್ರಾಮ್ ಕಂಪನಿಯ ಮದ್ಯದ ವ್ಯಾಪಾರ 2001ರಲ್ಲಿ ಮಾರಾಟವಾದಾಗ ಇವೆಲ್ಲ ಒಟ್ಟಿಗೆ ಆ ಮನೆ ಸೇರಿದವು. ಶಿವಾಜಿನಗರದ ವೈನ್ ಶಾಪಿನ ಬಾಟಲಿ ಮತ್ತು ಶಾರಾಂತ್ ದಂಡೆಯ ಬಾಟಲಿ ಒಂದೇ ಮನೆಯವು ಅಂತ ಗೊತ್ತಾದಾಗ ನನಗೆ ಆಶ್ಚರ್ಯ ಆಗಿತ್ತು.

ಮಾರ್ಟೆಲ್‌ನವರ ಒಂದು ಪದ್ಧತಿ ಇಲ್ಲಿ ಮುಖ್ಯ. ಭಟ್ಟಿಗೆ ಹಾಕುವ ಮುಂಚೆ ವೈನಿನ ಗಷ್ಟನ್ನು ಪೂರ್ತಿ ತೆಗೆದುಬಿಡುತ್ತಾರೆ. ಗಷ್ಟು ಅಂದರೆ ತಳದಲ್ಲಿ ಕೂರುವ ಸತ್ತ ಯೀಸ್ಟ್, ಹಣ್ಣಿನ ಚೂರು. ಅದನ್ನು ಸೇರಿಸಿಯೇ ಭಟ್ಟಿ ಇಳಿಸುವವರಿದ್ದಾರೆ, ರೆಮಿ ಮಾರ್ಟಿನ್ ಅನ್ನುವ ಇನ್ನೊಂದು ಕೊನ್ಯಾಕ್ ಮನೆಯವರು ಹಾಗೆ ಮಾಡುತ್ತಾರೆ, ಅದು ದಪ್ಪಗೆ, ಗುಂಡಗೆ, ಬೆಣ್ಣೆ ತರಹ ಬರುತ್ತದೆ. ಗಷ್ಟು ತೆಗೆದರೆ ಹಗುರ, ಹಣ್ಣು ಎದ್ದು ಕಾಣುತ್ತದೆ. ಸಾರು ಬಸಿದು ತಿಳಿ ಮಾತ್ರ ಕುಡಿಯುವುದಕ್ಕೂ, ಬೇಳೆ ಕದಡಿ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಯೋಚಿಸಿ. ಎರಡೂ ಚೆನ್ನ. ಈ ಬಾಟಲಿ ತಿಳಿ ಸಾರಿನ ಜಾತಿ.

ನಾನು ಕೊಂಡ ಬಾಟಲಿಯ ಮೇಲೆ ಸಿಂಗಲ್ ಡಿಸ್ಟಿಲರಿ ಅಂತ ಬರೆದಿದೆ. ಸಾಮಾನ್ಯವಾಗಿ ವಿಎಸ್ ಅಂದರೆ ಎಷ್ಟೋ ಭಟ್ಟಿಗಳ ಸರಕು ಬೆರೆಸಿ ಮಾಡುವುದು, ಇದರಲ್ಲಿ ಒಂದೇ ಭಟ್ಟಿಯದ್ದು ಬಳಸಿದ್ದಾರೆ. 70 ಸೆಂಟಿಲೀಟರ್, ಶೇ 40. ಮನೆ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ 30 ಯೂರೋ ಚಿಲ್ಲರೆ ಕೊಟ್ಟೆ. 30 ಮಿಲಿಯ ಪೆಗ್ ಲೆಕ್ಕ ಹಾಕಿದರೆ 23 ಪೆಗ್ ಆಯಿತು, ಒಂದಕ್ಕೆ ಹೆಚ್ಚುಕಡಿಮೆ 1.30 ಯೂರೋ. ಇಲ್ಲಿ ಒಂದು ಕಾಫಿ ಕುಡಿದರೂ ಅಷ್ಟಾಗುತ್ತದೆ.

ಈಗ ರುಚಿ.

ಮುಚ್ಚಳ ತೆಗೆದ ಮೊದಲ ದಿನ ಸುರಿದ ಕೂಡಲೇ ಮೂಗಿಟ್ಟರೆ ಘಾಟು ಹೊಡೆಯುತ್ತದೆ, ಸ್ಪಿರಿಟ್ಟಿನ ಘಾಟು, ನನಗೆ ಒಂದು ಕ್ಷಣ ಅಜ್ಜಿಯ ಬೀರು ನೆನಪಾಗಿ ಮನಸ್ಸು ಕುಗ್ಗಿತು. ಗ್ಲಾಸನ್ನು ಹಾಗೇ ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟೆ. ಆಮೇಲೆ ಬಂದದ್ದೇ ಬೇರೆ. ಮಾಗಿದ ಪೇರ್ ಹಣ್ಣು, ಏಪ್ರಿಕಾಟ್, ಸ್ವಲ್ಪ ನಿಂಬೆ ಸಿಪ್ಪೆ, ಹಸಿ ದ್ರಾಕ್ಷಿ ಗೊಂಚಲನ್ನು ಮುರಿದಾಗ ಕಾಂಡದಿಂದ ಬರುತ್ತದಲ್ಲ, ಆ ಹಸುರು ವಾಸನೆಯೂ ಎಲ್ಲೋ ಒಳಗೆ. ವೆನಿಲಾ ಇದೆ, ಆದರೆ ಹಿಂದೆ ನಿಂತಿದೆ. ಇಲ್ಲೇ ನನಗೆ ಈ ಬಾಟಲಿ ಮೇಲೆ ಪ್ರೀತಿ ಬಂದದ್ದು. ಅಗ್ಗದ ಕೊನ್ಯಾಕ್‌ಗಳಲ್ಲಿ ಹಲವು ಸಲ ವೆನಿಲಾ ಐಸ್‌ಕ್ರೀಮ್ ವಾಸನೆ ಮುಂದೆ ಬಂದು ಹಣ್ಣನ್ನು ನುಂಗಿಹಾಕುತ್ತದೆ. ಇದರಲ್ಲಿ ಹಣ್ಣು ಮುಂದಿನ ಸಾಲಿನಲ್ಲಿದೆ.

ಬಾಯಿಗೆ ಹೋದರೆ ಮೊದಲು ಸಿಹಿ, ಕಿತ್ತಳೆ ತೊಳೆಯ ತರಹದ ಹುಳಿ ಬೆರೆತ ಸಿಹಿ. ನಾಲಿಗೆಯ ನಡುವೆ ಬಂದಾಗ ಸ್ವಲ್ಪ ಖಾರ, ಶುಂಠಿ ಮತ್ತು ಒಂದು ಚಿಟಿಕೆ ಜಾಯಿಕಾಯಿ ಅನ್ನಬಹುದು. ಕೊನೆಗೆ ಒಗರು, ತೀರಾ ಕಡಿಮೆ, ಎಳೆ ಅಡಿಕೆ ಜಗಿದು ಉಗಿದ ಮೇಲೆ ದವಡೆಯಲ್ಲಿ ಉಳಿಯುತ್ತದಲ್ಲ ಅಷ್ಟು. ಆ ಒಗರು ಓಕ್ ಮರದ್ದು. ಗಂಟಲು ಸುಡುವುದಿಲ್ಲ. ಶೇ 40 ಇದ್ದೂ ಇಷ್ಟು ಮೆತ್ತಗೆ ಇಳಿಯುತ್ತದೆ ಅನ್ನುವುದೇ ಇದರ ದೊಡ್ಡ ಗುಣ, ಹಾಗೇ ಇದರಲ್ಲಿ ಎಚ್ಚರ ಬೇಕಾದ್ದೂ ಇದೇ, ಯಾಕೆಂದರೆ ಸಲೀಸಾಗಿ ಇಳಿಯುವುದು ಲೆಕ್ಕ ತಪ್ಪಿಸುತ್ತದೆ. ನಾನು ಎರಡು ಸಣ್ಣ ಪೆಗ್ಗಿಗೆ ನಿಲ್ಲಿಸುತ್ತೇನೆ, ಗಾಡಿ ಓಡಿಸುವ ದಿನ ಮುಟ್ಟುವುದೇ ಇಲ್ಲ.

ಒಂದು ವಾರ ಬಿಟ್ಟು ಅದೇ ಬಾಟಲಿ ತೆಗೆದೆ. ಗಾಳಿ ತಾಗಿದ್ದಕ್ಕೋ ಏನೋ ಮೊದಲಿನ ಘಾಟು ಅರ್ಧಕ್ಕರ್ಧ ಇಳಿದಿತ್ತು. ಹಾಗಾಗಿ ಮೊದಲ ದಿನದ ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ.

ಇನ್ನು ಕೊರತೆ. ಕುಡಿದಾದ ಮೇಲೆ ರುಚಿ ಬಾಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅರ್ಧ ನಿಮಿಷ, ಮುಗಿಯಿತು. ಒಳ್ಳೆ ವಿಎಸ್‌ಒಪಿ ಆದರೆ ನೀವು ಎದ್ದು ಹೋಗಿ ಪಾತ್ರೆ ತೊಳೆದು ಬರುವವರೆಗೂ ಇರುತ್ತದೆ. ಎರಡನೆಯದು, ನಡುವೆ ಸ್ವಲ್ಪ ತೆಳು. ಶುರು ಚೆನ್ನ, ಕೊನೆ ಪರವಾಗಿಲ್ಲ, ನಡುವೆ ಒಂದು ಕಡೆ ಖಾಲಿ ಅನ್ನಿಸುತ್ತದೆ. ಮೂರನೆಯದು ಈ ಬಾಟಲಿಯ ತಪ್ಪು ಅಂತ ಹೇಳಲಾರೆ, ಇಡೀ ಕೊನ್ಯಾಕ್ ಪದ್ಧತಿಯ ಬಗ್ಗೆ ನನ್ನ ತಕರಾರು. ಬಣ್ಣಕ್ಕೆ ಕ್ಯಾರಮೆಲ್, ಸ್ವಲ್ಪ ಸಕ್ಕರೆ, ಓಕ್ ಚಕ್ಕೆ ಕುದಿಸಿದ ಕಷಾಯ ಇಷ್ಟನ್ನೂ ಸೇರಿಸಲು ಕಾನೂನು ಒಪ್ಪುತ್ತದೆ. ಇಷ್ಟೆಲ್ಲ ಬಿಗಿ ನಿಯಮ ಮಾಡಿದವರು ಏನು ಸೇರಿಸಿದ್ದಾರೆ, ಎಷ್ಟು ಸೇರಿಸಿದ್ದಾರೆ ಅಂತ ಲೇಬಲ್ ಮೇಲೆ ಬರೆಸಬೇಕಿತ್ತು. ಕುಡಿಯುವವರಿಗೆ ತಿಳಿಯುವ ಹಕ್ಕಿದೆ.

ಇನ್ನೊಂದು ಕೊನ್ಯಾಕ್ ಮನೆಯಾದ ಹೆನೆಸಿಯ ವಿಎಸ್ ಜೊತೆ ಇಟ್ಟು ನೋಡಿದೆ, ಒಂದೇ ತರಹದ ಗ್ಲಾಸು, ಯಾವುದು ಯಾವುದು ಅಂತ ಹೆಂಡತಿಗೆ ಮಾತ್ರ ಗೊತ್ತು. ಗುರುತಿಸುವುದು ಕಷ್ಟ ಆಗಲಿಲ್ಲ. ಹೆನೆಸಿಯಲ್ಲಿ ಮರ ಜಾಸ್ತಿ, ಸುಟ್ಟ ಬಾದಾಮಿ, ದಪ್ಪ ವೆನಿಲಾ, ಖಾರವೂ ಜಾಸ್ತಿ. ಕೋಲಾಕ್ಕೋ ಜಿಂಜರ್ ಏಲ್‌ಗೋ ಬೆರೆಸಿದರೆ ಅದು ಸೋಲುವುದಿಲ್ಲ, ಅಷ್ಟು ಗಟ್ಟಿ. ಬರೀ ಗ್ಲಾಸಿನಲ್ಲಿ ಏನೂ ಬೆರೆಸದೆ ಕುಡಿಯಲು ನನಗೆ ಮಾರ್ಟೆಲ್ ಮೇಲು. ವಿಸ್ಕಿ ಕುಡಿದು ಅಭ್ಯಾಸ ಇರುವವರಿಗೆ ಹೆನೆಸಿ ಹತ್ತಿರ ಆಗಬಹುದು.

ಹೇಗೆ ಕುಡಿಯುವುದು ಅನ್ನುವುದರಲ್ಲಿ ತುಂಬ ತಪ್ಪು ಕಲ್ಪನೆ ಇದೆ. ಹೋದ ವರ್ಷ ಒಂದು ರೆಸ್ಟೋರೆಂಟಿನಲ್ಲಿ ಊಟದ ಮೇಲೆ ಕೊನ್ಯಾಕ್ ಹೇಳಿದರೆ ಫುಟ್‌ಬಾಲ್ ಗಾತ್ರದ ಗ್ಲಾಸನ್ನು ಮೇಣದಬತ್ತಿ ಮೇಲೆ ಕಾಯಿಸಿ ತಂದರು. ನೋಡಲು ಚೆಂದ. ಮೂಗು ಹತ್ತಿರ ತಂದರೆ ಕಣ್ಣಲ್ಲಿ ನೀರು. ಬಿಸಿಗೆ ಮೊದಲು ಏಳುವುದು ಆಲ್ಕೋಹಾಲ್, ಅದರ ಹಿಂದೆ ಹಣ್ಣಿನ ವಾಸನೆ ಕಾಣದೇ ಹೋಗುತ್ತದೆ. ದಯವಿಟ್ಟು ಕಾಯಿಸಬೇಡಿ. ಬಾಯಿ ಕಿರಿದಾದ ಸಣ್ಣ ಗ್ಲಾಸು ಸಾಕು. ಇಲ್ಲದಿದ್ದರೆ ಮನೆಯಲ್ಲಿರುವ ವೈನ್ ಗ್ಲಾಸು. ಕೋಣೆಯ ತಣ್ಣನೆ ಸಾಕು. ಒಂದು ಚಮಚ ತಣ್ಣೀರು ಹಾಕಿದರೆ ಇನ್ನೂ ಅರಳುತ್ತದೆ, ಪೇರ್ ಹಣ್ಣು ಇನ್ನಷ್ಟು ಮುಂದೆ ಬರುತ್ತದೆ. ಐಸ್ ಹಾಕಿದರೆ ತಪ್ಪೇನೂ ಇಲ್ಲ. ಇಲ್ಲಿನ ಬೇಸಿಗೆಯಲ್ಲಿ 38 ಡಿಗ್ರಿ ಹೋದಾಗ ನಾನು ಒಂದು ಪಾಲು ಮಾರ್ಟೆಲ್ಲಿಗೆ ಮೂರು ಪಾಲು ಟಾನಿಕ್ ವಾಟರ್ (ಕಹಿ ಸೋಡಾ), ಐಸ್, ನಿಂಬೆ ಸಿಪ್ಪೆ ಹಾಕಿ ಕುಡಿದೆ. ಟಾನಿಕ್‌ನ ಕಹಿ ಮತ್ತು ಇದರ ಹಣ್ಣು ಚೆನ್ನಾಗಿ ಕೂಡಿಕೊಳ್ಳುತ್ತವೆ. ಎಕ್ಸ್‌ಒಗೆ ಹೀಗೆ ಮಾಡಲು ನನಗೆ ಮನಸ್ಸು ಬರುವುದಿಲ್ಲ, ಆದರೆ ವಿಎಸ್ ಇರುವುದೇ ಇದಕ್ಕೆ. ಕೋಲಾ ಮಾತ್ರ ಬೇಡ, ಇದರ ಮೆತ್ತನೆ ಹಣ್ಣು ಅದರಲ್ಲಿ ಮುಳುಗಿಹೋಗುತ್ತದೆ.

ಜೊತೆಗೆ ಏನು ತಿನ್ನುವುದು? ಇಲ್ಲಿಯವರು ಚಾಕೊಲೇಟ್ ಅನ್ನುತ್ತಾರೆ, ಗಟ್ಟಿ ಚೀಸ್ ಅನ್ನುತ್ತಾರೆ. ನನಗೆ ಸಿಕ್ಕಿದ್ದು ಇದಕ್ಕಿಂತ ಒಳ್ಳೆಯದು. ಧಾರವಾಡದ ಗೆಳೆಯನೊಬ್ಬ ಊರಿಗೆ ಹೋಗಿ ಬಂದವನು ಪೇಡೆ ತಂದಿದ್ದ. ಇಬ್ಬರೂ ಬಾಲ್ಕನಿಯಲ್ಲಿ ಕೂತಿದ್ದೆವು. ಒಂದು ಗುಟುಕು ಕುಡಿದು ಗ್ಲಾಸನ್ನೇ ನೋಡಿದ. "ಅಲ್ಲೋ ದೋಸ್ತ, ಇದು ಬ್ರಾಂದಿ ಹೌದೇನ? ಹಣ್ಣಿನ ವಾಸನಿ ಬರಾಕತ್ತೈತಿ" ಅಂದ. ಆಮೇಲೆ ಒಂದು ತುಂಡು ಪೇಡೆ ಬಾಯಿಗೆ ಹಾಕಿ ಮತ್ತೆ ಗುಟುಕರಿಸಿ ಸುಮ್ನೆ ಕೂತುಬಿಟ್ಟ, ಪೇಡೆ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಹಾಲನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಆ ರುಚಿ ಇದೆಯಲ್ಲ, ಅದು ಕೊನ್ಯಾಕ್‌ನಲ್ಲಿ ನಡುವೆ ಖಾಲಿ ಇದೆ ಅಂದೆನಲ್ಲ, ಸರಿಯಾಗಿ ಆ ಜಾಗದಲ್ಲಿ ಹೋಗಿ ಕೂರುತ್ತದೆ. ಸಕ್ಕರೆಯ ಹರಳು ಒಗರನ್ನು ಮುಚ್ಚುತ್ತದೆ. ಮೈಸೂರು ಪಾಕ್ ಜೊತೆಗೂ ನೋಡಿದೆ, ತುಪ್ಪ ಜಾಸ್ತಿ ಆಗಿ ನಾಲಿಗೆ ಮುಚ್ಚಿಕೊಂಡಿತು, ಸರಿಹೋಗಲಿಲ್ಲ. ಹುರಿದ ಗೋಡಂಬಿ ಚೆನ್ನ. ಖಾರದ ಯಾವುದೂ ಬೇಡ, ಮಸಾಲೆ ಕಡಲೆ ತಿಂದ ಬಾಯಿಗೆ ಇದರ ಹಣ್ಣು ಗೊತ್ತೇ ಆಗುವುದಿಲ್ಲ.

ಪೇಡೆ ಮುಗಿದ ಮೇಲಿನ ವಾರ ಇಬ್ಬರೂ ಕೊನ್ಯಾಕ್ ಊರಿಗೇ ಹೋಗಿ ಬಂದೆವು. ಟುಲೂಸ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆ ಹತ್ತಿರ. ಚಿಕ್ಕ ಊರು. ನದಿ, ಕಲ್ಲಿನ ಮನೆಗಳು, ಎಲ್ಲಿ ನೋಡಿದರೂ ಗೋದಾಮುಗಳು. ಅವುಗಳ ಗೋಡೆ ಮಸಿ ಬಳಿದ ಹಾಗೆ ಕಪ್ಪು. ಬೆಂಕಿ ಬಿದ್ದಿತ್ತೇನೋ ಅಂತ ಅಂದುಕೊಂಡಿದ್ದೆವು. ಅದು ಬೂಷ್ಟು. ಪೀಪಾಯಿಗಳಿಂದ ಆವಿಯಾಗಿ ಹೋಗುವ ಆಲ್ಕೋಹಾಲ್ ಕುಡಿದು ಬೆಳೆಯುವ ಒಂದು ಬಗೆಯ ಶಿಲೀಂಧ್ರ. ಹಾಗೆ ಹಾರಿಹೋಗುವ ಭಾಗಕ್ಕೆ ಅವರು ದೇವತೆಗಳ ಪಾಲು ಅನ್ನುತ್ತಾರೆ. ಊರಿನ ಬೀದಿಯಲ್ಲಿ ನಡೆದರೆ ಗಾಳಿಯಲ್ಲೇ ಒಣದ್ರಾಕ್ಷಿ ಮತ್ತು ಒದ್ದೆ ಮರದ ವಾಸನೆ. ಊರ ಹೊರಗೆ ಬಂದರೆ ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ ತೋಟ, ಸುಣ್ಣದ ಬಿಳಿ ಮಣ್ಣು. ನಕ್ಷೆಯಲ್ಲಿ ಗ್ರಾಂಡ್ ಷಾಂಪೇನ್, ಪೆಟಿಟ್ ಷಾಂಪೇನ್ ಅಂತ ಹೆಸರು ಕಾಣುತ್ತದೆ, ಗುಳ್ಳೆ ಬರುವ ಷಾಂಪೇನ್‌ಗೂ ಅದಕ್ಕೂ ಸಂಬಂಧ ಇಲ್ಲ, ಅದು ಬೇರೆ ಪ್ರದೇಶದ್ದು.

ನನಗೆ ಅಲ್ಲಿ ತುಂಬ ತಟ್ಟಿದ್ದು ಬೇರೆ ವಿಷಯ. 1870ರ ದಶಕದಲ್ಲಿ ಫಿಲಾಕ್ಸೆರಾ ಅನ್ನುವ ಪುಟ್ಟ ಕೀಟ ಬೇರು ತಿಂದು ಇಲ್ಲಿನ ಬಹುಪಾಲು ಬಳ್ಳಿಗಳನ್ನು ನಾಶ ಮಾಡಿತ್ತು. ಆ ಕೀಟವನ್ನು ತಡೆಯುವ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ಮೊದಲಿಂದ ತೋಟ ಎಬ್ಬಿಸಿದರು. ಹಳೆಯ ಫೋಲ್ ಬ್ಲಾಂಶ್ ಬಳ್ಳಿ ಆ ಕಸಿಗೆ ಸರಿಯಾಗಿ ಹೊಂದಲಿಲ್ಲ, ಅದರ ಜಾಗಕ್ಕೆ ಉನಿ ಬ್ಲಾಂ ಬಂತು. ಕಾಫಿ ತೋಟದ ಊರಿನಲ್ಲಿ ಬೆಳೆದವನು ನಾನು, ಕಾಂಡಕೊರಕ ಬಂದರೆ ಒಂದೊಂದೇ ಗಿಡ ಕಿತ್ತು ಸುಡುವುದನ್ನು ನೋಡಿದ್ದೇನೆ. ಇಡೀ ನಾಡಿನ ತೋಟ ಹೋಗುವುದು ಅಂದರೆ ಏನು ಅಂತ ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ. ಈಗ ನನ್ನ ಗ್ಲಾಸಿನಲ್ಲಿ ಸಿಗುವ ಆ ಹುಳಿ, ಆ ತಾಜಾತನ ಆ ಕಸಿಯಿಂದಲೇ ಬಂದದ್ದು.

ಊರಿನಲ್ಲಿರುವವರು ಇದನ್ನು ಕೊಳ್ಳಬೇಕಾ? ಬೆಂಗಳೂರಿನ ಅಂಗಡಿಯಲ್ಲಿ ಆದರೆ ನಾನು ಬೇಡ ಅನ್ನುತ್ತೇನೆ. ವಿದೇಶಿ ಮದ್ಯಕ್ಕೆ ಎಷ್ಟೋ ವರ್ಷ ಶೇ 150 ಆಮದು ಸುಂಕ ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಹಾಗೆ ಸೇರಿಸುತ್ತಾ ಹೋದರೆ ಬೆಲೆ ಎಲ್ಲಿಗೋ ಮುಟ್ಟುತ್ತದೆ. 30 ಯೂರೋಗೆ ಇದು ಒಳ್ಳೆ ಬಾಟಲಿ, ಅದರ ಎರಡು ಮೂರು ಪಟ್ಟು ಕೊಟ್ಟರೆ ಅಲ್ಲ, ಅಷ್ಟು ದುಡ್ಡಿಗೆ ಇಲ್ಲಿ ಒಳ್ಳೆ ವಿಎಸ್‌ಒಪಿಯೇ ಬರುತ್ತದೆ. ಯಾರಾದರೂ ಹೊರದೇಶದಿಂದ ಬರುತ್ತಿದ್ದರೆ ಡ್ಯೂಟಿ ಫ್ರೀಯಿಂದ ತರಿಸಿ. ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಒಳ್ಳೆ ಬ್ರಾಂದಿ ಯಾವತ್ತೂ ಕುಡಿಯದವರಿಗೆ ಕೊಡಲು ಇದಕ್ಕಿಂತ ಸರಿಯಾದ್ದು ನನಗೆ ಗೊತ್ತಿಲ್ಲ. ಎಕ್ಸ್‌ಒ ಈಗಾಗಲೇ ಕುಡಿದು ರುಚಿ ಹತ್ತಿದವರಿಗೆ ಇದು ತೆಳು ಅನ್ನಿಸುತ್ತದೆ, ಅವರು ಟಾನಿಕ್ ಜೊತೆ ನೋಡಲಿ.

ಹತ್ತಕ್ಕೆ ಅಂಕ ಕೊಡಿ ಅಂದರೆ ಬರೀ ಕುಡಿಯಲು ಏಳು, ಒಂದು ಚಮಚ ನೀರಿನ ಜೊತೆ ಏಳೂವರೆ, ಟಾನಿಕ್ ಜೊತೆ ಎಂಟು. ಪೇಡೆ ಜೊತೆ ಒಂಬತ್ತು. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಅಪ್ಪನಿಗೆ ಒಂದು ಬಾಟಲಿ ಒಯ್ಯುತ್ತಿದ್ದೇನೆ. ಅವರು ಬ್ರಾಂದಿಗೆ ಬಿಸಿನೀರು ಬಿಟ್ಟು ಬೇರೇನೂ ಬೆರೆಸಿದವರಲ್ಲ. ಮೊದಲ ಗ್ಲಾಸು ನಾನೇ ಸುರಿದು, ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟು ಆಮೇಲೆ ಕೈಗೆ ಕೊಡುತ್ತೇನೆ. ಬರುವಾಗ ಧಾರವಾಡದ ಗೆಳೆಯನಿಗೆ ಎರಡು ಕಿಲೋ ಪೇಡೆ ತರಬೇಕು, ಈಗಾಗಲೇ ಹೇಳಿಟ್ಟಿದ್ದಾನೆ.